ನಿಮ್ಮ ವಾರ ಯಾವುದ್ರಿ?

ಪೂರ್ವಿ, ಸಮರ್ಥ, ನಿಮ್ಮ ಅಜ್ಜಿಯ ಮಾತು ಕೇಳಿ: ನಾಚಿಕೆ ಊಟದಲ್ಲಿ ಉಪ್ಪಿದ್ದಷ್ಟೇ ಇರಬೇಕು. ನನ್ನ ಪಾಲಿಗೆ ಅದು ಒಂದು ಹಿಡಿ ಜಾಸ್ತಿ ಬಿದ್ದಿದೆ. ಹರ್ತಿಯ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಮುಂದಿನವಳ ಜಡೆಯ ಹಿಂದೆ ಅಡಗುತ್ತಿದ್ದೆ. ನಿಮ್ಮ ಅಜ್ಜ ಇದ್ದಾಗ ಮಾತೆಲ್ಲ ಅವರದು, ರೊಟ್ಟಿಯೆಲ್ಲ ನನ್ನದು. ಅವರು ಹೋದಮೇಲೆ ಬೆಟಗೇರಿಯಲ್ಲಿ ರೊಟ್ಟಿ ಅಂಗಡಿ ಇಟ್ಟೆ, ರೊಟ್ಟಿಯನ್ನು ಮಾತನಾಡಿಸಬೇಕಾಗಿಲ್ಲವಲ್ಲ!

ಕೆಲಸ ಕೈಮೀರಿದಾಗ ನಾಗಾವಿಯ ಯಲ್ಲವ್ವನನ್ನು ಕರೆದೆ. ಅವಳು ರೊಟ್ಟಿ ಬಡಿದರೆ ಓಣಿಗೆಲ್ಲ ಡಂಗುರ. ಒಬ್ಬಳನ್ನೇ ಕೆಲಸಕ್ಕಿಟ್ಟುಕೊಂಡರೂ ಅಂಗಡಿ ನೋಂದಾಯಿಸಬೇಕು, ಕೆಲಸದ ಹೊತ್ತು ಗೊತ್ತುಮಾಡಬೇಕು, ವಾರಕ್ಕೊಂದು ರಜೆ ಕೊಡಬೇಕು ಎಂದು ನನ್ನ ರೊಟ್ಟಿ ಕೊಳ್ಳುವ ಖಾನಾವಳಿಯ ಮಲ್ಲಣ್ಣ ಹೆದರಿಸಿದರು. ಅರ್ಜಿ ತುಂಬಿಸಲು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯವರು ಪರದೆಯಿಂದ ಕಣ್ಣು ತೆಗೆಯದೆ, "ಅಮ್ಮಾರ, ನಿಮ್ಮ ವಾರ ಯಾವುದ್ರಿ?" ಎಂದರು. ನಮ್ಮ ಕಡೆ ವಾರ ಎಂದರೆ ದೇವರ ವಾರ, ಒಪ್ಪತ್ತು ಮಾಡುವ ದಿನ. ಸರಕಾರ ಇದನ್ನೂ ವಿಚಾರಿಸುತ್ತದಲ್ಲ ಎಂದು ಹಿಗ್ಗಿ, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದೆ: "ಸೋಮವಾರ್ರಿ! ಮದವಿ ಆದಾಗಿಂದ ತಪ್ಪಿಸಿಲ್ಲ."

"ಭಾಳ ಚಲೋ ಆತ್ರಿ," ಎಂದು ಗುಂಡಿ ಒತ್ತಿಯೇಬಿಟ್ಟರು.

ಅವರು ಕೇಳಿದ್ದು ರಜೆಯ ವಾರವಂತೆ! ಅಂಗಡಿಗೆ 'ಸೋಮವಾರ ರಜೆ' ಎಂಬ ಫಲಕ ಬಂತು. ಖಾನಾವಳಿಗೆ ದುಪ್ಪಟ್ಟು ರೊಟ್ಟಿ ಬೇಕಾಗುವುದೂ ಸೋಮವಾರವೇ. "ಅವತ್ತ ರೊಟ್ಟಿ ಬರಲಿಲ್ಲಂದ್ರ ಉಳಿದ ದಿನಾನೂ ಬ್ಯಾರೆ ಕಡೆ ನೋಡ್ಕೋತೇನ್ರಿ," ಎಂದರು ಮಲ್ಲಣ್ಣ. ಅವರು ಬಿಟ್ಟರೆ ನನ್ನ ಅಂಗಡಿಗೆ ಉಳಿಯುವುದು ಫಲಕ ಮಾತ್ರ. ರಜೆಯ ದಿನ ಬದಲಿಸೋಣವೆಂದರೆ ಆದ ಎಡವಟ್ಟನ್ನು ಬಾಯಿಬಿಟ್ಟು ಹೇಳಬೇಕು. ಅಷ್ಟರಲ್ಲಿ ಯಲ್ಲವ್ವ ಫಲಕ ನೋಡಿ ಕಣ್ಣೊರೆಸಿಕೊಂಡಳು. "ಅಕ್ಕಾರ, ನಂದೂ ಸೋಮವಾರಾನ! ಹಿಂದಿನ ಮಾಲಕರು ಉಪಾಸ ಇದ್ದಾಕಿನ್ನ ಹಂಚಿನ ಮುಂದ ಕುಂಡ್ರಸ್ತಿದ್ರು. ನಿಮಗ ಹೆಂಗ ತಿಳೀತ್ರಿ?"

ಇನ್ನು ಬದಲಿಸುವುದು ಹೇಗೆ? ಮಲ್ಲಣ್ಣನವರ ಎದುರು ನೆಲ ನೋಡುತ್ತ, "ಖಡಕ್ ರೊಟ್ಟಿ ಕೆಡಾಂಗಿಲ್ರಿ. ಸೋಮವಾರದ್ದು ರವಿವಾರನ ಒಯ್ರಿ. ಕಾಯ್ದೆ ಅಂದ್ರ ಕಾಯ್ದೆ," ಎಂದೆ.

"ರೊಟ್ಟಿಗಿಂತ ನೀವ ಖಡಕ್ ಆದ್ರಲ್ರೀ ಅಕ್ಕಾರ!" ಎಂದು ನಕ್ಕು ಒಪ್ಪಿದರು.

ಈಗ ಓಣಿಯಲ್ಲಿ ಯಾರೇ ಮೊದಲ ಆಳು ಇಟ್ಟುಕೊಂಡರೂ ಕಾಯ್ದೆ ಕೇಳಲು ನನ್ನ ಹತ್ತಿರ ಬರುತ್ತಾರೆ. "ವಾರ ಯಾವುದಂತ ಕೇಳಿದ್ರ ವಿಚಾರ ಮಾಡಿ ಹೇಳ್ರಿ," ಎಂದಷ್ಟೇ ಹೇಳುತ್ತೇನೆ. ಏನೋ ಗಹನವಾದ ಮಾತೆಂದು ತಲೆಯಾಡಿಸಿ ಹೋಗುತ್ತಾರೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಯಲ್ಲವ್ವನ ಎದುರು ಮಾತ್ರ ಓದಬೇಡಿ. ಆರು ದಿನ ನಾನು ಅವಳಿಗೆ ಬರೀ ಮಾಲಕಿ. ಸೋಮವಾರ ಒಂದು ದಿನ ದೇವರು.