ಬಾಲವುಳ್ಳ ರೈಬೋಸೋಮ್

ಪಡುಗಡಲು ವಿಶ್ವವಿದ್ಯಾಲಯದ ಶೈತ್ಯ ನಿಯಮಾವಳಿಯ ಏಳನೆಯ ಕಲಮಿನ ಪ್ರಕಾರ, ಫ್ರೀಜರಿನೊಳಗೆ ಇರುವ ವಸ್ತು ಯಾವುದೆಂಬುದನ್ನು ಅದರ ಮೇಲೆ ಅಂಟಿಸಿದ ಚೀಟಿಯೇ ತೀರ್ಮಾನಿಸತಕ್ಕದ್ದು. ಈ ವಿಷಯದಲ್ಲಿ ವಸ್ತುವಿನ ಅಭಿಪ್ರಾಯವನ್ನು ಕೇಳತಕ್ಕದ್ದಲ್ಲ.

ಮಣಿಪಾಲದಿಂದ ಕಾರ್ಕಳಕ್ಕೆ ಹೋಗುವ ದಾರಿಯ ಗುಡ್ಡದ ಮೇಲಿರುವ ಈ ವಿಶ್ವವಿದ್ಯಾಲಯದಲ್ಲಿ ಕಲ್ಯಾಣಪುರದ ಝೀಟಾ ಆರು ವರ್ಷದಿಂದ ರೈಬೋಸೋಮಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರೈಬೋಸೋಮ್ ಅಂದರೆ ಜೀವಕೋಶದೊಳಗೆ ಕೂತು ಪ್ರೊಟೀನು ಕಟ್ಟುವ ಯಂತ್ರ. ಬರಿಗಣ್ಣು ಬಿಡಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅದು ಕಾಣುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ "ಮಗಳು ಎಂತ ಮಾಡುತ್ತಾಳೆ?" ಎಂದು ಕೇಳಿದರೆ ತಾಯಿ ಸಿಂಥಿಯಾ "ಫ್ರೀಜರ್ ನೋಡಿಕೊಳ್ಳುತ್ತಾಳೆ" ಎನ್ನುತ್ತಿದ್ದರು. ಝೀಟಾಳ ಕೆಲಸವನ್ನು ಅಷ್ಟು ಸರಿಯಾಗಿ ಹೇಳಿದವರು ಬೇರೆ ಯಾರೂ ಇಲ್ಲ, ಝೀಟಾಳೂ ಸೇರಿ.

ಅವಳ ಆರು ವರ್ಷದ ಆಸ್ತಿ ಅಂದರೆ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ರೈಬೋಸೋಮ್ ತುಂಬಿದ ಕಿರುಬೆರಳಿನಷ್ಟು ಉದ್ದದ ಹದಿನಾಲ್ಕು ಕೊಳವೆಗಳು. ಜುಲೈ ಮೂವತ್ತೊಂದರೊಳಗೆ ಅವು ತಜ್ಞರ ಸಮಿತಿಯ ಎದುರು ಪ್ರೊಟೀನು ತಯಾರಿಸಿ ತೋರಿಸಬೇಕು. ಇಲ್ಲವಾದರೆ ನೋಂದಣಿ ರದ್ದು, ಪಿಎಚ್.ಡಿ. ನೀರುಪಾಲು.

ಈಗ ಮೀನಿನ ವಿಷಯ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆದ್ದರಿಂದ ಮೇ ಮೂವತ್ತೊಂದರ ಒಳಗೆ ಒಂದು ಒಳ್ಳೆಯ ಮೀನನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿಗೆ ಸೇರಿಸುವುದು ಪ್ರಯೋಗಾಲಯದಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಮಳೆ ಬಂದರೆ ಮನೆಯಲ್ಲಿ ಕರೆಂಟು ಹೋಗುತ್ತದೆ. ವಿಜ್ಞಾನಕ್ಕೆ ಜನರೇಟರ್ ಉಂಟು.

"ಝೀಟಾ, ಹೂಡೆಯಲ್ಲಿ ನಿಮ್ಮ ಚಿಕ್ಕಪ್ಪ ಇದ್ದಾರೆ ಅಲ್ವಾ? ಒಂದು ಅಂಜಲ್ ಮೀನು ಸಿಗಬಹುದಾ ಅಂತ," ಎಂದು ಮಾರ್ಗದರ್ಶಕ ಭುಜಂಗ ಸರ್ ಹೇಳಿದರು. ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಕೇಳಿದರೆ ಸಿಗದೆ ಏನು? ಹೂಡೆಯಲ್ಲಿ ಮೀನು ಹಿಡಿಯುವ ಚಿಕ್ಕಪ್ಪ ಸಿಲ್ವೆಸ್ಟರ್ ಬಾಪ್ಪು ನಾಲ್ಕು ಕಿಲೋದ ಅಂಜಲ್ ಕೊಟ್ಟರು.

ಫ್ರೀಜರಿನಲ್ಲಿ ಜಾಗ ಇರಲಿಲ್ಲ. ಝೀಟಾ ಕೊಳವೆಗಳ ಡಬ್ಬಿಯನ್ನು ಎರಡೇ ನಿಮಿಷಕ್ಕೆಂದು ಮೇಜಿನ ಮೇಲಿಟ್ಟು ಅಂಜಲನ್ನು ಒಳಗೆ ತುರುಕಿದಳು. ಆಹಾರ ಇಡುವುದು ಅಪರಾಧವಾದ್ದರಿಂದ "ರೈಬೋಸೋಮ್. ಮುಟ್ಟಬಾರದು" ಎಂಬ ಚೀಟಿ ಅಂಟಿಸಿದಳು. ಅಷ್ಟರಲ್ಲಿ ಸರ್ ಫೋನ್ ಬಂತು.

"ಇಡಿಯಾಗಿ ಇಟ್ಟಿರಾ, ತುಂಡು ಮಾಡಿಯಾ?"

"ಇಡಿಯಾಗಿ, ಸರ್."

"ಒಳ್ಳೆಯದಾಯಿತು. ತುಂಡು ತೀರಾ ತೆಳ್ಳಗಾಗಬಾರದು ನೋಡಿ."

ತುಂಡಿನ ದಪ್ಪದ ಕುರಿತ ಈ ವಿಚಾರಸಂಕಿರಣ ಮುಗಿಸಿ ಝೀಟಾ ಬಾಗಿಲು ಹಾಕಿ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಹದಿನಾಲ್ಕು ಕೊಳವೆಗಳೂ ಮೇಜಿನ ಮೇಲೆ ಬೆಚ್ಚಗೆ ಕೂತಿದ್ದವು. ರೈಬೋಸೋಮ್ ಕೆಟ್ಟಿತ್ತು. ಅಂಜಲ್ ಕ್ಷೇಮವಾಗಿತ್ತು.

ಝೀಟಾ ಬಿಕ್ಕಿ ಬಿಕ್ಕಿ ಅತ್ತಳು. ಫ್ರೀಜರಿನ ಬಾಗಿಲು ಅರ್ಧ ನಿಮಿಷ ತೆರೆದಿಟ್ಟರೆ ಕಿರಿಯರ ಗ್ರಹಚಾರ ಬಿಡಿಸುತ್ತಿದ್ದವಳು ಅವಳೇ! ಹೊಸದು ತಯಾರಿಸೋಣವೆಂದರೆ ಅದಕ್ಕೆ ಬೇಕಾದ ಸೆಂಟ್ರಿಫ್ಯೂಜ್ ಯಂತ್ರ ರಿಪೇರಿಗೆ ಹೋಗಿ ಎರಡು ವರ್ಷ, ಇನ್ನೂ ದಾರಿಯಲ್ಲಿತ್ತು. ತಪ್ಪೊಪ್ಪಿಗೆ ಬರೆದುಕೊಂಡು ಅವಳು ಸಂಶೋಧನಾ ವಿಭಾಗದ ಕುಶಲಾ ಮೇಡಂ ಹತ್ತಿರ ಹೋದಳು.

ಮೇಡಂ ಫ್ರೀಜರಿನ ಪಟ್ಟಿ ನೋಡಿದರು. "ಹಾಳಾಗಿದೆ ಅಂತ ಯಾರು ಹೇಳಿದ್ದು? ರೈಬೋಸೋಮ್ ಒಳಗೇ ಉಂಟಲ್ಲ, ಚೀಟಿ ಸಮೇತ."

"ಅದು ಅಂಜಲ್, ಮೇಡಂ."

"ಎಲ್ಲಿ ಬರೆದುಂಟು?"

"ಬರೆದಿಲ್ಲ. ಆದರೆ ಬಾಲ ಹೊರಗೆ ಕಾಣುತ್ತದೆ."

"ನೋಡಿ ಮಾರಾಯ್ತಿ," ಎಂದು ಮೇಡಂ ಕನ್ನಡಕ ತೆಗೆದರು. "ಅಂಜಲ್ ಅಂತಾದರೆ ನಿಮ್ಮ ನೋಂದಣಿ ರದ್ದು, ನಿಮ್ಮ ಸರ್ ಅಮಾನತು. ರೈಬೋಸೋಮ್ ಅಂತಾದರೆ ಯಾರಿಗೂ ತೊಂದರೆ ಇಲ್ಲ. ನೀವು ಓದಿದವರು. ವಿಜ್ಞಾನಕ್ಕೆ ಯಾವುದು ಒಳ್ಳೆಯದು ನೀವೇ ಹೇಳಿ."

ಝೀಟಾ ತಪ್ಪೊಪ್ಪಿಗೆಯನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಜುಲೈ ಇಪ್ಪತ್ತೆಂಟರಂದು ಸಮಿತಿ ಬಂತು. ಅಧ್ಯಕ್ಷರಾದ ಡಾ. ಕಾರ್ಲ್ಟನ್ ಕಾಪುವಿನ ಕಡಲ ಬದಿಯವರು, ಐವತ್ತೆಂಟು ದಿನದಿಂದ ಒಣಮೀನಿನ ಚಟ್ನಿಯಲ್ಲಿ ದಿನ ದೂಡುತ್ತಿದ್ದವರು. ಫ್ರೀಜರ್ ತೆರೆದಾಗ ಅವರು ಚೀಟಿ ಓದಿದರು, ಬಾಲ ನೋಡಿದರು, ಮತ್ತೊಮ್ಮೆ ಚೀಟಿ ಓದಿದರು.

"ಸ್ವಲ್ಪ ದೊಡ್ಡದಾಯಿತಲ್ಲ?"

"ಆರು ವರ್ಷದ ಸಂಶೋಧನೆ, ಸರ್," ಎಂದರು ಭುಜಂಗ ಸರ್.

"ಇದರಲ್ಲಿ ಪ್ರೊಟೀನು ಎಷ್ಟು?"

ಝೀಟಾಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ನೂರು ಗ್ರಾಮಿಗೆ ಸುಮಾರು ಇಪ್ಪತ್ತು ಗ್ರಾಂ, ಸರ್," ಎಂದಳು. ಅದುವರೆಗೆ ಆ ಪ್ರಯೋಗಾಲಯದ ದಾಖಲೆ ಒಂದು ಗ್ರಾಮಿನ ಸಾವಿರದಲ್ಲೊಂದು ಪಾಲು. ಸಮಿತಿಯವರು ಎದ್ದು ನಿಂತರು.

"ಗುಣಮಟ್ಟದ ಪರೀಕ್ಷೆ ಆಗಬೇಕು," ಎಂದ ಅಧ್ಯಕ್ಷರ ಬಾಯಿ ಯಾಕೋ ಒದ್ದೆಯಾಗಿತ್ತು.

ಮೂವತ್ತು ವರ್ಷದಿಂದ ಅಟೆಂಡರ್ ಆಗಿದ್ದ ಅಣ್ಣು ಮೂಲೆಯಿಂದ ಹೇಳಿದ: "ಕಾವಲಿ ಉಂಟು ಸರ್. ಮಸಾಲೆಯೂ ಅರೆದಿಟ್ಟಿದ್ದೇನೆ."

ಸಮಿತಿಯ ವರದಿ ಹೀಗಿದೆ: "ಮಾದರಿಯನ್ನು ಒಣಮೆಣಸು, ಹುಳಿ ಮತ್ತು ಉಪ್ಪಿನ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ, ಕಾದ ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಪರೀಕ್ಷಿಸಲಾಯಿತು. ಫಲಿತಾಂಶ ಅತ್ಯುತ್ತಮ. ಅಧ್ಯಕ್ಷರು ಖಚಿತಪಡಿಸಿಕೊಳ್ಳಲು ಪರೀಕ್ಷೆಯನ್ನು ಮೂರು ಬಾರಿ ಪುನರಾವರ್ತಿಸಿದರು. ಮಾದರಿಯು ಪರೀಕ್ಷೆಯಲ್ಲಿ ಸಂಪೂರ್ಣ ವಿನಿಯೋಗವಾಗಿದೆ. ಕಣ್ಣಿಗೆ ಕಾಣದಿದ್ದ ರೈಬೋಸೋಮನ್ನು ಕೈಯಲ್ಲಿ ಹಿಡಿಯುವಷ್ಟು ಬೆಳೆಸಿದ ಅಭ್ಯರ್ಥಿಯನ್ನು ಅಭಿನಂದಿಸಲಾಗಿದೆ."

ಝೀಟಾಳಿಗೆ ಪಿಎಚ್.ಡಿ. ಬಂತು, ಅಲ್ಲಿಯೇ ಕೆಲಸವೂ ಆಯಿತು. ಮರುವರ್ಷ ಸುತ್ತೋಲೆ ಹೊರಟಿತು: ಎಲ್ಲ ಸಂಶೋಧನಾರ್ಥಿಗಳು ಮೇ ಮೂವತ್ತೊಂದರೊಳಗೆ ತಮ್ಮ ರೈಬೋಸೋಮನ್ನು ಜಮೆ ಮಾಡತಕ್ಕದ್ದು. ನಾಲ್ಕು ಕಿಲೋಗಿಂತ ಕಡಿಮೆಯಿದ್ದಲ್ಲಿ ಸ್ವೀಕರಿಸಲಾಗುವುದಿಲ್ಲ.

ಮೇ ಇಪ್ಪತ್ತೊಂಬತ್ತಕ್ಕೆ ನಿಖಿತಾ ಎಂಬ ಹೊಸ ವಿದ್ಯಾರ್ಥಿನಿ ಝೀಟಾಳ ಹತ್ತಿರ ಓಡಿ ಬಂದಳು. ಕೈಯಲ್ಲಿ ಒಂದು ಸಣ್ಣ ಕೊಳವೆ. ಬೇರೆ ಊರಿನ ಸೆಂಟ್ರಿಫ್ಯೂಜಿನಲ್ಲಿ ಎಂಟು ತಿಂಗಳು ಒದ್ದಾಡಿ ತಯಾರಿಸಿದ್ದಂತೆ. "ಮೇಡಂ, ಕೆಲಸ ಮಾಡುತ್ತದೆ! ಪ್ರೊಟೀನು ಬಂತು!"

ಝೀಟಾ ಕೊಳವೆಯನ್ನು ಬೆಳಕಿಗೆ ಹಿಡಿದಳು. ಏನೂ ಕಾಣಲಿಲ್ಲ. ಆ ಏನೂ ಕಾಣದ್ದನ್ನು ಅವಳು ಆರು ವರ್ಷ ಪ್ರೀತಿಸಿದ್ದಳು. ಆಮೇಲೆ ಗೋಡೆಯ ಮೇಲಿನ ಸುತ್ತೋಲೆಯ ಕಡೆ ನೋಡಿದಳು.

"ಬಾಲ ಎಲ್ಲಿ?"

"ರೈಬೋಸೋಮಿಗೆ ಬಾಲ ಇರುವುದಿಲ್ಲ ಅಲ್ವಾ, ಮೇಡಂ?"

"ನನ್ನ ಪ್ರಬಂಧ ಓದಿಲ್ಲ ನೀವು," ಎಂದು ಝೀಟಾ ಕೊಳವೆಯನ್ನು ಮೇಜಿನ ಮೇಲಿಟ್ಟಳು. "ಹೂಡೆಗೆ ಹೋಗಿ ಸಿಲ್ವೆಸ್ಟರ್ ಅಂತ ಕೇಳಿ. ನಿಷೇಧಕ್ಕೆ ಇನ್ನು ಎರಡು ದಿನ ಉಂಟು."

ನಿಖಿತಾ ಪುಸ್ತಕ ತೆರೆದು ವಿಳಾಸ ಬರೆದುಕೊಂಡಳು.

"ಇಡಿಯಾಗಿ ತರುವುದಾ ಮೇಡಂ, ತುಂಡು ಮಾಡಿಸಿಯಾ?"