ಐವರು ಅನಾಮಧೇಯರ ಪೈಕಿ ನಮ್ಮ ಬ್ರಿಟಾ

ಎಲುಬು-ಕೀಲಿನ ಶಸ್ತ್ರಚಿಕಿತ್ಸೆ ಕಲಿಯಬಯಸುವ ವೈದ್ಯಕೀಯ ವಿದ್ಯಾರ್ಥಿಯು ತನ್ನ ಕೊನೆಯ ವರ್ಷದಲ್ಲಿ ಪರಸ್ಥಳದ ಆಸ್ಪತ್ರೆಯೊಂದರಲ್ಲಿ ಒಂದು ತಿಂಗಳು ದುಡಿಯತಕ್ಕದ್ದು. ಆ ತಿಂಗಳಲ್ಲಿ ಆಸ್ಪತ್ರೆಯು ವಿದ್ಯಾರ್ಥಿಯನ್ನು ಅಳೆಯುತ್ತದೆ. ವಿದ್ಯಾರ್ಥಿಯೂ ಆಸ್ಪತ್ರೆಯನ್ನು ಅಳೆಯಬೇಕು. ಈ ಎರಡನೆಯ ಮಾತು ಎಲ್ಲ ಕೈಪಿಡಿಗಳಲ್ಲೂ ಅಚ್ಚಾಗಿದೆ. ಅದನ್ನು ನಂಬಿದವಳು ಇಡೀ ನೆಬ್ರಾಸ್ಕಾ ರಾಜ್ಯದಲ್ಲಿ ನಾನೊಬ್ಬಳೇ.

ನಾನು ಪದವೀಧರೆ. ರಸಾಯನಶಾಸ್ತ್ರ, ೧೯೭೨, ಪ್ರಥಮ ದರ್ಜೆ. ನಮ್ಮ ಚರ್ಚಿನ ಮಹಿಳಾ ಸಂಘಕ್ಕೆ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. ಯಾವ ಸಾವಿನ ಮನೆಗೆ ಯಾರು ಯಾವ ಸಲಾಡ್ ತಂದರು, ಅದರಲ್ಲಿ ಎಷ್ಟು ಉಳಿಯಿತು ಎಂಬುದು ನನ್ನ ಪುಸ್ತಕಗಳಲ್ಲಿ ಸಿಗುತ್ತದೆ. ಇದುವರೆಗೆ ಯಾರೂ ಕೇಳಿಲ್ಲ. ಹೀಗಿರುವಾಗ, ಮೊಮ್ಮಗಳು ಬ್ರಿಟಾ ಪಕ್ಕದ ರಾಜ್ಯದ ದೊಡ್ಡ ಆಸ್ಪತ್ರೆಗೆ ಒಂದು ತಿಂಗಳ ಮಟ್ಟಿಗೆ ಹೊರಟಾಗ ನಾನು ಸುಮ್ಮನೆ ಕೂರುವ ಪ್ರಶ್ನೆಯೇ ಇರಲಿಲ್ಲ. ಮೂವತ್ತೆಂಟು ಕಾಲಂಗಳ ಪಟ್ಟಿಯೊಂದನ್ನು ತಯಾರಿಸಿದೆ. ಹಿರಿಯ ವೈದ್ಯರು ಕಲಿಸುತ್ತಾರೋ, ಗದರುತ್ತಾರೋ? ಅಲ್ಲಿ ಐದು ವರ್ಷ ತರಬೇತಿ ಪಡೆಯುವ ಕಿರಿಯ ವೈದ್ಯರಿಗೆ, ಅಂದರೆ ರೆಸಿಡೆಂಟರಿಗೆ, ಕತ್ತಿ ಹಿಡಿಯಲು ಕೊಡುತ್ತಾರೋ? ಅವರು ಊಟ ಕೂತು ಮಾಡುತ್ತಾರೋ, ನಿಂತೋ?

ನನ್ನ ಮಗ ಗಾರ್ಡನ್, ಬ್ರಿಟಾಳ ಅಪ್ಪ, ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿದ.

"ಅಮ್ಮ, ಅಲ್ಲಿರೋದು ವರ್ಷಕ್ಕೆ ಮೂರೇ ಜಾಗ. ಅರ್ಜಿ ಹಾಕೋರು ಎಂಟುನೂರು ಜನ. ಅವರು ಇವಳನ್ನ ಆರಿಸಬೇಕೋ, ನೀನು ಅವರನ್ನ ಆರಿಸಬೇಕೋ?"

"ಎರಡೂ. ಕೈಪಿಡಿ ಹನ್ನೊಂದನೇ ಪುಟ ಓದು."

"ಕೈಪಿಡಿ ಬರೆದೋನಿಗೆ ಜಾಗ ಸಿಕ್ಕಿತ್ತಂತಾ?"

ಇಂಥ ಪ್ರಶ್ನೆಗೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಭಾನುವಾರ ಚರ್ಚಿನಿಂದ ಬಂದಮೇಲೆ ಬ್ರಿಟಾ ಫೋನ್ ಮಾಡುವುದು, ನಾನು ಬರೆದುಕೊಳ್ಳುವುದು ಎಂದು ಗೊತ್ತುಮಾಡಿಕೊಂಡೆವು.

"ಅಜ್ಜಿ, ಶುಕ್ರವಾರ ಬೆಳಗಿನಿಂದ ಆಪರೇಷನ್ ಟೇಬಲ್ ಹತ್ರ ನಾಲ್ಕು ಕಾಲು ಎತ್ತಿ ಹಿಡ್ಕೊಂಡಿದ್ದೆ."

"ಇಬ್ಬರದಾ?"

"ಅಲ್ಲ, ನಾಲ್ಕು ಜನರದು. ಒಬ್ಬೊಬ್ಬರದು ಒಂದೊಂದು."

"ಏನಾದರೂ ಕಲಿಸಿದರಾ?"

"'ಇನ್ನೂ ಸ್ವಲ್ಪ ಮೇಲೆ' ಅಂದ್ರು."

ಬೋಧನೆಯ ಕಾಲಂನಲ್ಲಿ 'ಒಂದು ವಾಕ್ಯ' ಎಂದು ನಮೂದಿಸಿದೆ.

"ಹೇಳಿದವರು ಯಾರು?"

"ಡಾಕ್ಟರ್ ಹ್ಯಾಡಿಕ್ಸ್. ವಿಭಾಗದ ಮುಖ್ಯಸ್ಥರು. ನನ್ನ ಹೆಸರು ಕೇಳಿಲ್ಲ ಅಜ್ಜಿ, ಯಾರ ಹೆಸರೂ ಕೇಳಲ್ಲ. ಮುಖಗವಸಿನ ಮೇಲೆ ಎರಡು ಕಣ್ಣು ಕಂಡರೆ ಸಾಕು, ಕಾಲು ಕೊಡ್ತಾರೆ."

"ರೆಸಿಡೆಂಟರು ಕೂತು ಊಟ ಮಾಡ್ತಾರಾ?"

"ಕುರ್ಚಿ ಇದೆ. ಅದರ ಮೇಲೆ ಪ್ಲಾಸ್ಟರಿನ ಡಬ್ಬ ಇಟ್ಟಿದಾರೆ."

"ಇಲ್ಲಿ ಸಂತೋಷವಾಗಿದ್ದೀರಾ ಅಂತ ಕೇಳಿದೆಯಾ? ಅದು ಇಪ್ಪತ್ತೆರಡನೇ ಕಾಲಂ."

"ಕೇಳಿದೆ. ಎಲ್ಲರೂ 'ನಾವಿಲ್ಲಿ ಒಂದೇ ಕುಟುಂಬ ಇದ್ದ ಹಾಗೆ' ಅಂದ್ರು. ಒಬ್ಬರು ಅದನ್ನ ಹೇಳ್ತಾ ಹೇಳ್ತಾ ಗೋಡೆಗೆ ಒರಗಿ ನಿದ್ದೆ ಹೋದ್ರು."

ನಾಲ್ಕು ಮಕ್ಕಳನ್ನು ಹೆತ್ತು ಐವತ್ತು ವರ್ಷ ಕುಟುಂಬ ನಡೆಸಿದವಳು ನಾನು. ಆ ಉತ್ತರಕ್ಕೆ ಎರಡು ಅಂಕ ಕಳೆದೆ.

ನಾಲ್ಕು ಭಾನುವಾರ ಮುಗಿದಾಗ ಆಸ್ಪತ್ರೆಗೆ ನೂರಕ್ಕೆ ಮೂವತ್ತೊಂದು ಅಂಕ ಬಂತು. ಫಲಿತಾಂಶವನ್ನು ಗಂಭೀರವಾಗಿ ಓದಿ ಹೇಳಿದೆ.

"ಅಜ್ಜಿ, ನನಗೆ ಇಲ್ಲೇ ಜಾಗ ಬೇಕು."

"ಮೂವತ್ತೊಂದು ಕಣೇ!"

"ಸೊಂಟ ಮುರಿದು ಬಂದ ಮುದುಕಿಯೊಬ್ಬಳು ಮೂರನೇ ದಿನ ನಡ್ಕೊಂಡು ಬಾಗಿಲು ದಾಟಿ ಹೋದಳು. ನಾನು ಎತ್ತಿ ಹಿಡಿದಿದ್ದ ಕಾಲು ಅದು. ಇಷ್ಟು ಚೆನ್ನಾಗಿ ಕೂಡಿಸೋರು ಬೇರೆಲ್ಲೂ ಇಲ್ಲ. ಇಲ್ಲಿ ಆಗಲಿಲ್ಲ ಅಂದ್ರೆ ನನಗೆ ಎಲುಬಿನ ಕೆಲಸವೇ ಬೇಡ."

ಮೂವತ್ತೆಂಟು ಕಾಲಂಗಳನ್ನು ಇನ್ನೊಮ್ಮೆ ಓದಿದೆ. ರೋಗಿ ನಡೆದಳೇ ಎಂಬ ಕಾಲಂ ಇರಲಿಲ್ಲ. ಮಹಿಳಾ ಸಂಘದವರು ಯಾರೂ ಅದನ್ನು ನನಗೆ ನೆನಪಿಸಿರಲಿಲ್ಲ.

ತಡವಾಗಿಹೋಗಿತ್ತು. ತಿಂಗಳ ಕೊನೆಗೆ ವಿದ್ಯಾರ್ಥಿಯು ವಿಭಾಗದ ಬಗ್ಗೆ ಅನಾಮಧೇಯ ವರದಿಯೊಂದನ್ನು ಸಲ್ಲಿಸಬೇಕೆಂದೂ, ಅದನ್ನು ಪರಿಶೀಲಿಸಿದ ನಂತರವೇ ಆಯ್ಕೆಗೆ ಬೇಕಾದ ಶಿಫಾರಸು ಪತ್ರವನ್ನು ಬಿಡುಗಡೆ ಮಾಡಲಾಗುವುದೆಂದೂ ನಿಯಮವಿತ್ತು. ಬ್ರಿಟಾ ಪ್ರಾಮಾಣಿಕ ಹುಡುಗಿ. ಅದು ನನ್ನದೇ ತಪ್ಪು. ನಾನೇ ಹಾಗೆ ಬೆಳೆಸಿದ್ದು. ನನ್ನ ಪಟ್ಟಿಯನ್ನು ಅಂಕಗಳ ಸಮೇತ ಇದ್ದಂತೆಯೇ ತನ್ನ ವರದಿಯೆಂದು ಕಳಿಸಿಬಿಟ್ಟಿದ್ದಳು.

ಎರಡು ವಾರವಾದರೂ ಪತ್ರ ಬರಲಿಲ್ಲ. ಅವಳಿಗೆ ಗೊತ್ತಾಗದಂತೆ ವಿಭಾಗದ ಕಚೇರಿಗೆ ನಾನೇ ಫೋನ್ ಮಾಡಿದೆ. ಅಲ್ಲಿನ ವ್ಯವಸ್ಥಾಪಕಿ ಮಿಸೆಸ್ ಪ್ರುಯಿಟ್ ಎಂಬಾಕೆ ಬಹಳ ವಿನಯದಿಂದ ಮಾತಾಡಿದಳು.

"ಅನಾಮಧೇಯ ವರದಿ ತಲುಪಿದೆ, ಮಿಸೆಸ್ ಟಾಲೆಫ್ಸನ್. ಆದರೆ ಐದು ವರದಿ ಸೇರದೆ ಲಕೋಟೆ ಒಡೆಯೋ ಹಾಗಿಲ್ಲ. ಒಂದೇ ಇದ್ದರೆ ಯಾರು ಬರೆದದ್ದು ಅಂತ ಗೊತ್ತಾಗಿಬಿಡತ್ತಲ್ಲ."

"ಆ ತಿಂಗಳು ಎಷ್ಟು ವಿದ್ಯಾರ್ಥಿಗಳಿದ್ದರು?"

"ಒಬ್ಬಳೇ."

"ಮತ್ತೆ ಐದು ಎಲ್ಲಿಂದ ಬರತ್ತೆ?"

"ಅದನ್ನ ತಿಳ್ಕೊಳ್ಳೋ ಅಧಿಕಾರ ನನಗಿಲ್ಲ. ನಿಮ್ಮ ಮೊಮ್ಮಗಳಿಗೆ ಇನ್ನೂ ನಾಲ್ಕು ಫಾರಂ ಕಳಿಸ್ತೀನಿ. ಎಲ್ಲ ಒಂದೇ ಥರ ಬರೆದಿರಬಾರದು, ದಯವಿಟ್ಟು ಹೇಳಿ. ಗೋಪ್ಯತೆ ಅಂದ್ರೆ ನಮ್ಮ ಮುಖ್ಯಸ್ಥರಿಗೆ ಪ್ರಾಣ."

ಬ್ರಿಟಾ ಅಷ್ಟರಲ್ಲಿ ಇನ್ನೊಂದೂರಿನಲ್ಲಿ ಇನ್ನೊಬ್ಬರ ಕಾಲು ಹಿಡಿದು ನಿಂತಿದ್ದಳು. ಫಾರಂಗಳನ್ನು ನನಗೆ ಕಳಿಸಿ, "ಅಜ್ಜಿ, ಏನಾದರೂ ಬರಿ" ಎಂದಳು. ಏನಾದರೂ ಬರೆಯುವುದು ನನ್ನ ಸ್ವಭಾವದಲ್ಲಿಲ್ಲ. ಮೂರು ದಿನ ಕೂತೆ. ಎರಡನೆಯ ವಿದ್ಯಾರ್ಥಿನಿಯನ್ನು ಮಾತು ಕಡಿಮೆಯವಳನ್ನಾಗಿ ಮಾಡಿದೆ. ಆಕೆ ಎಲ್ಲ ಪ್ರಶ್ನೆಗೂ 'ಚೆನ್ನಾಗಿದೆ' ಎಂದಳು. ನಾಲ್ಕನೆಯವಳು ಸ್ವಲ್ಪ ಮಂದ, ಆದರೆ ಕಷ್ಟಜೀವಿ. ಐದನೆಯವಳಿಗೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂಬುದನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲ. ಮೂರನೆಯವಳಿಗೆ ನನ್ನ ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಧಾರೆ ಎರೆದೆ. ಯಾರೂ ಮುಟ್ಟದ ಸಲಾಡ್ ತಂದವರಿಗೆ ಸಂಘದ ಪರವಾಗಿ ಬರೆಯುತ್ತಿದ್ದ ಕೃತಜ್ಞತಾ ಪತ್ರದ ಶೈಲಿ ಅದು. 'ಇನ್ನೂ ಸ್ವಲ್ಪ ಮೇಲೆ ಎಂಬ ಡಾಕ್ಟರ್ ಹ್ಯಾಡಿಕ್ಸರ ಮಾತು ನನ್ನ ಬದುಕಿಗೇ ದಾರಿ ತೋರಿಸಿತು' ಎಂದು ಮುಗಿಸಿದೆ. ಬರೆದು ಓದಿಕೊಂಡಾಗ ನನ್ನ ಕಣ್ಣೇ ಒದ್ದೆಯಾಯಿತು.

ಬ್ರಿಟಾ ಓದಿದಳು. "ಈ ನಂಬರ್ ಮೂರು ಯಾರಜ್ಜಿ? ಇಷ್ಟು ಒಳ್ಳೆಯವಳ ಎದುರು ನನಗೆ ಜಾಗ ಸಿಗತ್ತಾ?"

ನಾನು ಅದನ್ನು ಹೊಗಳಿಕೆ ಎಂದೇ ಬರೆದುಕೊಂಡೆ.

ಐದೂ ಲಕೋಟೆಗಳನ್ನು ವಿಧಿವತ್ತಾಗಿ ಒಡೆಯಲಾಯಿತು. ಕೆಲವು ದಿನಗಳ ನಂತರ ಈ ಕೆಳಗಿನ ಪ್ರಕಟಣೆ ಹೊರಬಿತ್ತು:

'ಈ ವಿಭಾಗದಲ್ಲಿ ಒಂದು ತಿಂಗಳು ಸೇವೆ ಸಲ್ಲಿಸಿದ ಐವರು ವಿದ್ಯಾರ್ಥಿನಿಯರ ವರದಿಗಳನ್ನು ಸಮಿತಿಯು ಪರಿಶೀಲಿಸಿದೆ. ಗೋಪ್ಯತೆಯ ದೃಷ್ಟಿಯಿಂದ ಅವರನ್ನು ಕ್ರಮಸಂಖ್ಯೆಯಿಂದಲೇ ಗುರುತಿಸತಕ್ಕದ್ದು. ಕ್ರಮಸಂಖ್ಯೆ ಒಂದು: ಅಳೆಯುವ ಚಟವುಳ್ಳ ವ್ಯಕ್ತಿ, ಈ ವೃತ್ತಿಗೆ ತಕ್ಕವರಲ್ಲ. ಕ್ರಮಸಂಖ್ಯೆ ಐದು: ಸಮೀಪದಲ್ಲಿ ಮನೆ ಮಾಡತಕ್ಕದ್ದು. ಕ್ರಮಸಂಖ್ಯೆ ಎರಡು, ಮೂರು ಮತ್ತು ನಾಲ್ಕನ್ನು ವಿಭಾಗದ ಮೂರು ಜಾಗಗಳಿಗೆ ಸರ್ವಾನುಮತದಿಂದ ಆರಿಸಲಾಗಿದೆ. ಇಲ್ಲಿ ದುಡಿದವರಾದ್ದರಿಂದ ಸಂದರ್ಶನದ ಅಗತ್ಯವಿಲ್ಲ.'

ಮಾರ್ಚ್ ತಿಂಗಳಲ್ಲಿ ದೇಶದ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ದಿನ, ಒಂದೇ ಗಳಿಗೆಗೆ ತಮ್ಮ ಜಾಗ ತಿಳಿಯುತ್ತದೆ. ಅಂದು ನಾವೆಲ್ಲ ಅವಳ ಕಾಲೇಜಿನ ಸಭಾಂಗಣದಲ್ಲಿ ಸೇರಿದ್ದೆವು. ಉಳಿದವರಿಗೆ ಒಂದೊಂದು ಲಕೋಟೆ, ಬ್ರಿಟಾಳಿಗೆ ಮೂರು. ಮೊದಲನೆಯದನ್ನು ಒಡೆದು ಕುಣಿದಳು. ಎರಡನೆಯದನ್ನು ಒಡೆದು ನನ್ನ ಮುಖ ನೋಡಿದಳು. ಮೂರನೆಯದನ್ನು ಗಾರ್ಡನ್ ಒಡೆದ.

ಬ್ರಿಟಾ ಅಲ್ಲೇ ನಿಂತು ಮಿಸೆಸ್ ಪ್ರುಯಿಟ್‌ಗೆ ಫೋನ್ ಹಚ್ಚಿ, ನಮಗೂ ಕೇಳಿಸುವಂತೆ ಹಿಡಿದಳು.

"ಮೇಡಂ, ಈ ಮೂವರೂ ನಾನೇ."

"ಅಯ್ಯೋ ಚಿನ್ನ, ಅದನ್ನ ನನಗೆ ಹೇಳಬಾರದು. ಅದು ಗೋಪ್ಯ."

"ಇಬ್ಬರನ್ನ ಬಿಟ್ಟುಬಿಡಿ. ಆ ಜಾಗ ಬೇರೆಯವರಿಗಾದರೂ ಸಿಗಲಿ."

"ಆಯ್ಕೆಯಾದ ಒಬ್ಬರು ಬರದಿದ್ದರೂ ಇಡೀ ಪಟ್ಟಿ ರದ್ದಾಗತ್ತೆ. ಮೂರೂ ಜಾಗ ಹೋಗತ್ತೆ. ಆಮೇಲೆ ನೀನೂ ಇಲ್ಲ, ಅವರೂ ಇಲ್ಲ. ಸುಮ್ಮನೆ ಮೂವರೂ ಬಂದುಬಿಡಿ ಚಿನ್ನ."

"ಮೂರು ಸಂಬಳ ಬರತ್ತಾ?" ಎಂದು ಗಾರ್ಡನ್ ನಡುವೆ ಬಾಯಿ ಹಾಕಿದ.

"ಸಂಬಳ ತಲೆ ಎಣಿಸಿ ಕೊಡೋದು, ಸರ್. ಕೆಲಸ ಮಾತ್ರ ಸಂಖ್ಯೆ ನೋಡಿ."

ಬ್ರಿಟಾ ನನ್ನ ಕಡೆ ತಿರುಗಿದಳು. "ಅಜ್ಜಿ, ಏನು ಮಾಡಲಿ?"

ಪ್ರಥಮ ದರ್ಜೆಯ ಪದವೀಧರೆಯಾಗಿ ನಾನು ಆಳವಾಗಿ ಯೋಚಿಸಿದೆ. ಮೂವರನ್ನೂ ಬರೆದವಳು ನಾನು. ಅವರಲ್ಲಿ ಒಬ್ಬಳನ್ನೂ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. "ನಿನಗೆ ಬೇಕಾಗಿದ್ದು ಇದೇ ಜಾಗ ತಾನೇ? ಒಪ್ಪಿಕೋ" ಎಂದೆ.

ಜುಲೈ ಒಂದರಂದು ಮೂವರೂ ಕೆಲಸಕ್ಕೆ ಸೇರಿದರು. ರೆಸಿಡೆಂಟರು ಯಾರೂ ವಾರಕ್ಕೆ ಎಂಬತ್ತು ಗಂಟೆ ಮೀರಿ ದುಡಿಯಬಾರದು. ವಿಭಾಗವು ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುತ್ತದೆ; ಮೂವರಲ್ಲಿ ಯಾರೂ ಐವತ್ತನಾಲ್ಕು ಗಂಟೆ ದಾಟಿಲ್ಲ. ವಾರದಲ್ಲಿ ಉಳಿಯುವ ಆರು ಗಂಟೆ ಮೂವರೂ ಒಟ್ಟಿಗೆ ನಿದ್ದೆ ಮಾಡುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಗಳು ಇಡೀ ದೇಶದಲ್ಲೇ ಇಷ್ಟು ಆರಾಮವಾಗಿರುವ ರೆಸಿಡೆಂಟರನ್ನು ಕಂಡಿಲ್ಲವೆಂದು ಷರಾ ಬರೆದು ಹೋದರು.

ಅಕ್ಟೋಬರಿನಲ್ಲಿ ರೂಬಾರ್ಬ್ ಎಂಬ ಹುಳಿ ದಂಟು ತುಂಬಿದ ಪೈ ಮಾಡಿಕೊಂಡು ನೋಡಲು ಹೋದೆ. ಬ್ರಿಟಾ ಔಷಧದ ಗಾಡಿಯನ್ನು ಹಿಡಿದುಕೊಂಡು ನಿಂತಿದ್ದಳು. ಗಾಡಿ ಇಲ್ಲದಿದ್ದರೆ ನಿಲ್ಲುತ್ತಿದ್ದಳೋ ಇಲ್ಲವೋ ಹೇಳಲಾರೆ. ಹೊಸ ರೆಸಿಡೆಂಟರ ಭಾವಚಿತ್ರಗಳನ್ನು ಹಾಲ್‌ನ ಗೋಡೆಗೆ ತೂಗುಹಾಕಿದ್ದರು. ಒಂದರಲ್ಲಿ ಜಡೆ, ಒಂದರಲ್ಲಿ ಬಿಟ್ಟ ಕೂದಲು, ಒಂದರಲ್ಲಿ ಕನ್ನಡಕ. ಡಾಕ್ಟರ್ ಹ್ಯಾಡಿಕ್ಸ್ ಸ್ವತಃ ಬಂದು ನನ್ನ ಕೈ ಕುಲುಕಿದರು. ಎತ್ತರದ, ಸಂಭಾವಿತ ಮನುಷ್ಯ.

"ಇಪ್ಪತ್ತೆರಡು ವರ್ಷದಲ್ಲಿ ಇಂಥ ತಂಡ ನೋಡಿಲ್ಲ, ಮೇಡಂ. ಮೂವರಲ್ಲಿ ಒಂದು ದಿನಾನೂ ಜಗಳ ಇಲ್ಲ. ಒಬ್ಬಳಿಗೆ ಹೇಳಿದರೆ ಸಾಕು, ಇನ್ನಿಬ್ಬರಿಗೂ ಗೊತ್ತಿರತ್ತೆ. ಇವರಲ್ಲಿ ನಿಮ್ಮವಳು ಯಾರು?"

ಮೂವತ್ತೊಂದು ವರ್ಷ ನಡೆದದ್ದನ್ನು ಮಾತ್ರ ದಾಖಲಿಸಿದವಳು ನಾನು. ಮೂರೂ ಚಿತ್ರಗಳನ್ನು ಸಾವಕಾಶವಾಗಿ ನೋಡಿ, ನಡುವಿನದಕ್ಕೆ ಬೆರಳು ತೋರಿಸಿದೆ.

"ಓ, ನಂಬರ್ ಮೂರು!" ಡಾಕ್ಟರ ಮುಖ ಅರಳಿತು. "ನಮ್ಮಲ್ಲೇ ಅತ್ಯುತ್ತಮ. ಆ ಕೊನೆಯವಳು, ನಂಬರ್ ನಾಲ್ಕು, ಸ್ವಲ್ಪ ನಿಧಾನ. ಇವಳನ್ನ ನೋಡಿ ಕಲಿಯೋಕೆ ಯಾರಾದರೂ ಅವಳಿಗೆ ಹೇಳಬೇಕು."

ಬ್ರಿಟಾ ಗಾಡಿಯಿಂದ ಒಂದು ಕೈ ತೆಗೆದು ಜೇಬಿನಿಂದ ಚೀಟಿ ತೆಗೆದಳು, ಅದರಲ್ಲಿ ಬರೆದುಕೊಂಡಳು.

"ಹೇಳ್ತೀನಿ, ಡಾಕ್ಟರೇ. ಗುರುವಾರ ಅವಳ ಪಾಳಿ ಇದೆ."