ಅಳತೆ ತಪ್ಪದ ತಂತಿ

ಅಳಿಯನಾಗುವವನು ಮೊದಲ ಸಲ ಮನೆಗೆ ಬಂದ ದಿನ, ಅತ್ತೆಯ ಮುಖ ನೋಡುವ ಮೊದಲು ಗೋಡೆಯ ಸ್ವಿಚ್ಚುಗಳನ್ನು ನೋಡಿದ. ಅವತ್ತೇ ಅತ್ತೆಗೆ ಮೈ ಉರಿದಿತ್ತು. ಮದುವೆಯಾಗಿ ಆರು ವರ್ಷವಾದರೂ ಆ ಉರಿ ಆರಿಲ್ಲ.

ಈ ಸಲ ಅವನು ಕೈಗೊಂಡ ಮಹಾಕಾರ್ಯವೆಂದರೆ ಅತ್ತೆಯ ಮಂಡಿನೋವಿಗೆ ಪರಿಹಾರ! ಇನ್ನು ಮೋಟಾರು ಹಾಕಲು ಹಿತ್ತಲಿಗೆ ನಡೆಯಬೇಕಿಲ್ಲ, ಕೂತಲ್ಲೇ ಗುಂಡಿ ಒತ್ತಿದರೆ ನೀರು ತೊಟ್ಟಿಗೆ ಏರುತ್ತದೆ ಎಂದು ಘೋಷಿಸಿ, ಹೆಬ್ಬೆರಳಿನಷ್ಟಗಲದ ಎರಡು ಅಗ್ಗದ ರೇಡಿಯೋ ಮಾಡ್ಯೂಲ್ ತಂದ. ಗುಂಡಿಯ ಡಬ್ಬಿಯಲ್ಲಿರುವ ಒಂದು ಕೂಗುವುದು, ಮೋಟಾರಿನ ಬಳಿಯ ಇನ್ನೊಂದು ಕೇಳಿಸಿಕೊಳ್ಳುವುದು. ಆದರೆ ಕೂಗಿದ್ದು ಅಡುಗೆಮನೆಯ ಬಾಗಿಲನ್ನೂ ದಾಟಲಿಲ್ಲ. ಆಂಟೆನಾ ತಂತಿಯನ್ನು ಮಹಾಶಯರು ಕಣ್ಣಂದಾಜಿನಲ್ಲಿ ಕತ್ತರಿಸಿದ್ದರು! ಎಷ್ಟುದ್ದ ಇರಬೇಕೆಂದು ಕೇಳಿದರೆ, ಹದಿನೇಳು ಸೆಂಟಿಮೀಟರ್ ಮೂರು ಮಿಲಿಮೀಟರ್ ಎಂದ.

"ಗೊತ್ತಿದ್ದೂ ಕಣ್ಣಲ್ಲಿ ಅಳೀತೀಯಾ? ಕೊಡಿಲ್ಲಿ."

ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಅತ್ತೆಯದು. ಟೇಪು ಹಿಡಿದು ಎರಡೂ ತಂತಿಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಸದಾಗಿ ಕತ್ತರಿಸಿ ಕೊಟ್ಟಳು. ಗುಂಡಿ ಒತ್ತಿದ್ದೇ ತಡ, ಮೋಟಾರು ಗುಡುಗಿತು.

ಮರುದಿನದಿಂದ ಅದಕ್ಕೆ ಹುಚ್ಚು ಹಿಡಿಯಿತು. ಯಾರೂ ಒತ್ತದೆ ತಾನೇ ಶುರುವಾಗುವುದು, ತೊಟ್ಟಿ ಉಕ್ಕುವುದು! ಆ ನೀರು ಕಿಟಕಿಯಿಂದ ಒಳಗೆ ಸುರಿದು, ಇಸ್ತ್ರಿ ಮಾಡಿಟ್ಟ ಗಿರಾಕಿಯ ಪರದೆಗಳು ತೊಯ್ದು ಮುದ್ದೆಯಾದವು. ಇತ್ತ ಅತ್ತೆ ಗುಂಡಿ ಒತ್ತಿದಾಗಲೆಲ್ಲ ಎದುರುಮನೆಯಾಕೆ ಬಾಗಿಲು ತೆರೆದು, ಯಾರನ್ನೂ ಕಾಣದೆ, ಈ ಕಡೆಗೆ ಕಣ್ಣು ಕೆಕ್ಕರಿಸಿ ನಿಲ್ಲುವಳು.

ಎದುರುಮನೆಯಾಕೆ ಎಂದರೆ ಸಾಮಾನ್ಯಳಲ್ಲ. ಹನ್ನೊಂದು ವರ್ಷದ ಹಿಂದೆ, ಅತ್ತೆ ಹೊಲಿದ ಕೋಟಿನ ತೋಳು ಒಂದು ಬೆರಳು ಗಿಡ್ಡ ಎಂದವಳು! ಆ ಮಾತನ್ನು ಆಕೆ ವಾಪಸ್ ತೆಗೆದುಕೊಳ್ಳುವವರೆಗೆ ಅವಳ ಮೆಟ್ಟಿಲು ತುಳಿಯುವುದಿಲ್ಲವೆಂದು ಅತ್ತೆ ಹಟ ಹಿಡಿದಿದ್ದಳು. ಒಂದು ದಿನವೂ ತುಳಿದಿರಲಿಲ್ಲ.

ನಾಲ್ಕನೆಯ ದಿನ ಅಳಿಯ ಗುಟ್ಟು ಪತ್ತೆಹಚ್ಚಿದ. ಎದುರುಮನೆಗೆ ತಂತಿಯಿಲ್ಲದ ಹೊಸ ಕರೆಗಂಟೆ ಬಂದಿತ್ತು. ಅದೂ ಇದೇ ಜಾತಿಯ ಅಗ್ಗದ ಮಾಲು, ಕೂಗನ್ನು ಗುರುತಿಸುವ ಸಂಕೇತ, ಅಂದರೆ ಕೋಡ್, ಕೂಡ ಒಂದೇ. ಅಲ್ಲಿ ಬೆಲ್ ಒತ್ತಿದರೆ ಇಲ್ಲಿ ಮೋಟಾರು, ಇಲ್ಲಿ ಒತ್ತಿದರೆ ಅಲ್ಲಿ ಬೆಲ್.

ಅತ್ತೆ ಕೆಂಡವಾದಳು. "ಕೋಡ್ ಬದಲಾಯಿಸ್ದೆ ಹಾಗೇ ಹಾಕಿದ್ಯಲ್ಲ, ತಲೆ ಎಲ್ಲಿಟ್ಟಿದ್ದೆ?"

"ತಪ್ಪು ನಂದೇ. ಆದ್ರೆ ನಾನು ಕತ್ತರಿಸಿದ ತಂತಿ ಅಡುಗೆಮನೇನೂ ದಾಟ್ತಿರ್ಲಿಲ್ಲ. ರಸ್ತೆ ದಾಟಿಸಿದ್ದು ನಿಮ್ಮ ಅಳತೆ."

ಅತ್ತೆ ಗುಂಡಿಯ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು.

ಮೂರೇ ನಿಮಿಷದಲ್ಲಿ ಅವನು ಕೋಡ್ ಬದಲಾಯಿಸಿದ. ಮಗಳು ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಇವರಿಬ್ಬರೇ. ಹಿತ್ತಲಿಗೆ ಹೊರಟ ಅಳಿಯ ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

"ಸರಿಹೋಯ್ತಾ ಅಂತ ನಾನು ಮೋಟಾರ್ ಹತ್ರ ನಿಂತು ನೋಡ್ತೀನಿ. ನೀವು ಹೋಗಿ ಅವರ ಬೆಲ್ ಒಂದ್ಸಲ ಒತ್ತಿ ಬರ್ತೀರಾ, ಅತ್ತೆ?"